ನಿರಪರಾಧಿಯ ಹನ್ನೆರಡು ವರ್ಷ: ಆಲ್ಫ್ರೆಡ್ ಡ್ರೇಫಸ್ ಜೀವನದಿಂದ ಒಂಬತ್ತನೆಯ ಆಜ್ಞೆಯ ಪಾಠ

ಹಿಂದೆ ನಿಂತಿರೋರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ಯೂತ್ ಮೀಟಿಂಗ್‌ನಲ್ಲಿ ನಾವು ಹತ್ತು ಆಜ್ಞೆಗಳನ್ನ ಒಂದೊಂದಾಗಿ ಧ್ಯಾನ ಮಾಡ್ತಾ ಬಂದಿದ್ದೇವೆ. ಇವತ್ತು ಒಂಬತ್ತನೆಯದು, ಸುಳ್ಳುಸಾಕ್ಷಿಯ ಬಗ್ಗೆ. ಈ ಆಜ್ಞೆ ಬಂದಾಗ ನಾವೆಲ್ಲ ಸ್ವಲ್ಪ ನಿರಾಳವಾಗಿ ಕೂತ್ಕೊಳ್ತೀವಿ. ನಾವು ಯಾವತ್ತು ಕೋರ್ಟ್ ಕಟ್ಟೆ ಹತ್ತಿದ್ದೀವಿ, ಯಾರ ವಿರುದ್ಧ ಸಾಕ್ಷಿ ಹೇಳಿದ್ದೀವಿ, ಇದು ನಮಗಲ್ಲ ಅನ್ಕೊಳ್ತೀವಿ. ನಾನೂ ಹಾಗೇ ಅನ್ಕೊಂಡಿದ್ದೆ. ಅದಕ್ಕೇ ಇವತ್ತು ವಚನದ ವಿವರಣೆ ಕಡಿಮೆ ಮಾಡಿ ಒಬ್ಬ ಮನುಷ್ಯನ ಜೀವನವನ್ನ ಹೇಳ್ತೀನಿ.

ಆತ ನಮ್ಮ ವಿಶ್ವಾಸದವನಲ್ಲ, ಯೆಹೂದ್ಯ. ಆತನ ವಿರುದ್ಧ ಬೀದಿಯಲ್ಲಿ ಕೂಗಿದವರಲ್ಲಿ ಬಹಳ ಜನ ಭಾನುವಾರ ತಪ್ಪದೆ ಚರ್ಚಿಗೆ ಹೋಗ್ತಿದ್ದವರು. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಈ ಕಥೆಯಲ್ಲಿ ನಮ್ಮ ಜಾಗ ಎಲ್ಲಿದೆ ಅಂತ ಕೊನೆಗೆ ನಾವು ಕೇಳ್ಕೋಬೇಕು.

ಆಲ್ಫ್ರೆಡ್ ಡ್ರೇಫಸ್ ಹುಟ್ಟಿದ್ದು 1859ರ ಅಕ್ಟೋಬರ್ 9ರಂದು, ಫ್ರಾನ್ಸಿನ ಅಲ್ಸೇಸ್ ಪ್ರಾಂತ್ಯದ ಮುಲೂಸ್ ಪಟ್ಟಣದಲ್ಲಿ. ತಂದೆಗೆ ಹತ್ತಿಯ ಮಿಲ್ ಇತ್ತು. ಹುಡುಗನಿಗೆ ಹನ್ನೊಂದು ವರ್ಷ ಇದ್ದಾಗ ಫ್ರಾನ್ಸ್ ಜರ್ಮನಿಯ ಮುಂದೆ ಯುದ್ಧದಲ್ಲಿ ಸೋತಿತು, ಅಲ್ಸೇಸ್ ಜರ್ಮನಿಯ ಪಾಲಾಯಿತು. ಕುಟುಂಬ ತಮ್ಮ ಫ್ರೆಂಚ್ ಪೌರತ್ವವನ್ನೇ ಉಳಿಸಿಕೊಂಡಿತು. ಶತ್ರುವಿನ ಕೈಗೆ ಹೋದ ಊರಿನ ನೋವನ್ನ ಎದೆಯಲ್ಲಿಟ್ಟುಕೊಂಡೇ ಈ ಹುಡುಗ ಸೈನ್ಯ ಸೇರಿದ. ದೇಶದ್ರೋಹ ಮಾಡೋದಕ್ಕೆ ಇವನಷ್ಟು ಕಾರಣ ಇಲ್ಲದವನು ಇನ್ನೊಬ್ಬ ಇರಲಿಲ್ಲ.

ಓದಿನಲ್ಲಿ ಚುರುಕು. 1889ರಲ್ಲಿ ಕ್ಯಾಪ್ಟನ್ ಆದ. 1890ರಲ್ಲಿ ಲ್ಯೂಸಿ ಎಂಬಾಕೆಯನ್ನ ಮದುವೆಯಾದ. ಪಿಯೆರ್ ಅಂತ ಮಗ, ಜಾನ್ ಅಂತ ಮಗಳು. ಯುದ್ಧ ಕಾಲೇಜಿನ ಪರೀಕ್ಷೆಯಲ್ಲಿ ಒಬ್ಬ ಜನರಲ್ ಯೆಹೂದ್ಯರು ಮುಖ್ಯ ಕಚೇರಿಗೆ ಬರಬಾರದು ಅಂತ ಬೇಕಂತಲೇ ಕಡಿಮೆ ಅಂಕ ಕೊಟ್ಟ. ಆದರೂ 81 ಜನರಲ್ಲಿ ಇವನು 9ನೆಯವನಾಗಿ ಹೊರಬಂದ, ಸೇನೆಯ ಮುಖ್ಯ ಕಚೇರಿಗೆ ತರಬೇತಿಗೆ ಹೋದ. ಆ ಕಚೇರಿಯಲ್ಲಿ ಇದ್ದ ಏಕೈಕ ಯೆಹೂದ್ಯ ಅವನೇ. ಸ್ನೇಹ ಸುಲಭವಾಗಿ ಬೆಳೆಸೋ ಸ್ವಭಾವ ಅಲ್ಲ, ಸ್ವಲ್ಪ ಬಿಗಿ, ಧ್ವನಿಯಲ್ಲಿ ಏರಿಳಿತ ಇಲ್ಲ. ಈ ಮಾತು ನೆನಪಿಟ್ಕೊಳ್ಳಿ. ಜನ ಇಷ್ಟಪಡದ ಮನುಷ್ಯನ ಮೇಲೆ ಅನುಮಾನ ಬೇಗ ಅಂಟಿಕೊಳ್ಳುತ್ತೆ.

1894ರ ಸೆಪ್ಟೆಂಬರ್. ಪ್ಯಾರಿಸ್‌ನ ಜರ್ಮನ್ ರಾಯಭಾರ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಹೆಂಗಸೊಬ್ಬಳು ಫ್ರೆಂಚ್ ಗುಪ್ತಚರ ವಿಭಾಗಕ್ಕೆ ಕೆಲಸ ಮಾಡ್ತಿದ್ದಳು. ಕಸದ ಬುಟ್ಟಿಯ ಹರಿದ ಕಾಗದಗಳನ್ನ ತಂದು ಕೊಡ್ತಿದ್ದಳು. ಹಾಗೆ ಬಂದ ಚೂರುಗಳನ್ನ ಜೋಡಿಸಿದಾಗ ಒಂದು ಪಟ್ಟಿ ಸಿಕ್ಕಿತು. ಸಹಿ ಇಲ್ಲ. ಫ್ರೆಂಚ್ ಸೈನ್ಯದೊಳಗಿನ ಯಾರೋ ಫಿರಂಗಿಯ ವಿಷಯ ಸೇರಿದಂತೆ ಕೆಲವು ಗುಟ್ಟುಗಳನ್ನ ಜರ್ಮನ್ ಅಧಿಕಾರಿಗೆ ಮಾರುತ್ತಿದ್ದಾರೆ ಅಂತ ಅದರಿಂದ ಗೊತ್ತಾಯಿತು. ಪತ್ರ ನಿಜ, ದ್ರೋಹವೂ ನಿಜ. ಆದರೆ ದ್ರೋಹಿ ಯಾರು?

ಅಧಿಕಾರಿಗಳು ಕೂತು ಹೆಸರುಗಳ ಪಟ್ಟಿ ನೋಡಿದರು. ಡ್ರೇಫಸ್ ಹೆಸರು ಕಣ್ಣಿಗೆ ಬಿತ್ತು. ಯೆಹೂದ್ಯ, ಅಲ್ಸೇಸ್‌ನವನು. ಕೈಬರಹ ತಂದು ನೋಡಿದರೆ ಸ್ವಲ್ಪ ಹೋಲಿಕೆ ಇದ್ದ ಹಾಗೆ ಕಾಣಿಸಿತು. ಅಷ್ಟೇ ಸಾಕಾಯಿತು. ಬ್ಯಾಂಕ್ ಆಫ್ ಫ್ರಾನ್ಸ್‌ನ ಕೈಬರಹ ತಜ್ಞ ಇದು ಬೇರೆಯವರ ಬರಹವೂ ಆಗಿರಬಹುದು ಅಂದ. ಆ ಉತ್ತರ ಅವರಿಗೆ ಬೇಕಾಗಿರಲಿಲ್ಲ, ಇನ್ನೊಬ್ಬರನ್ನ ಕರೆಸಿದರು. ಬಂದವನು ಬರ್ತಿಯೋಂ, ಅಪರಾಧಿಗಳ ದೇಹದ ಅಳತೆ ತೆಗೆದು ಗುರುತಿಸುವ ವಿಧಾನಕ್ಕೆ ಹೆಸರಾದ ಪೊಲೀಸ್ ಅಧಿಕಾರಿ. ಆದರೆ ಕೈಬರಹ ಅವನ ವಿದ್ಯೆಯೇ ಅಲ್ಲ. ಆತ ಹೇಳಿದ್ದೇನು ಗೊತ್ತಾ? ಅಕ್ಷರ ಎಲ್ಲಿ ಹೋಲುತ್ತೋ ಅಲ್ಲಿ ಅದು ಡ್ರೇಫಸ್ ಬರೆದದ್ದು. ಎಲ್ಲಿ ಹೋಲೋದಿಲ್ಲವೋ ಅಲ್ಲಿ ಡ್ರೇಫಸ್ ಬೇಕಂತಲೇ ಬದಲಿಸಿ ಬರೆದದ್ದು. ಈಗ ಹೇಳಿ, ಈ ಲೆಕ್ಕದಲ್ಲಿ ತಪ್ಪಿಸಿಕೊಳ್ಳೋರು ಯಾರು? ಹೋಲಿದರೂ ಅಪರಾಧಿ, ಹೋಲದಿದ್ದರೂ ಅಪರಾಧಿ.

ಅಕ್ಟೋಬರ್ 15ರಂದು ಅವನನ್ನ ಕಚೇರಿಗೆ ಕರೆಸಿ ಒಂದು ಪತ್ರ ಹೇಳಿ ಬರೆಸಿದರು, ಅಲ್ಲೇ ಬಂಧಿಸಿದರು. ಹೆಂಡತಿಗೆ ಯಾರಿಗೂ ಹೇಳಬಾರದು ಅಂತ ಹೆದರಿಸಿದರು. ಇನ್ನೇನು ಸಾಕ್ಷ್ಯ ಸಾಲದು, ಬಿಟ್ಟುಬಿಡಬೇಕು ಅನ್ನೋ ಹೊತ್ತಿಗೆ ಸುದ್ದಿ ಪತ್ರಿಕೆಗೆ ಸೋರಿತು. ಯೆಹೂದ್ಯರನ್ನ ಬೈಯೋದಕ್ಕೇ ಇದ್ದ ಒಂದು ಪತ್ರಿಕೆ ಹೆಸರು ಸಮೇತ ದೊಡ್ಡದಾಗಿ ಹಾಕಿತು. ಇನ್ನು ಬಿಟ್ಟರೆ ಯುದ್ಧ ಮಂತ್ರಿಯ ಮಾನ ಹೋಗುತ್ತೆ. ಅಲ್ಲಿಂದ ಮುಂದೆ ಅವರು ಹುಡುಕಿದ್ದು ಸತ್ಯವನ್ನಲ್ಲ, ಶಿಕ್ಷೆಗೆ ಬೇಕಾದ ಕಾರಣವನ್ನ.

ಡಿಸೆಂಬರ್‌ನಲ್ಲಿ ಕೋರ್ಟ್ ಮಾರ್ಷಲ್ ನಡೆಯಿತು, ಬಾಗಿಲು ಮುಚ್ಚಿ. ವಾದ ಎಲ್ಲ ಮುಗಿದ ಮೇಲೆ ನ್ಯಾಯಾಧೀಶರ ಕೋಣೆಗೆ ಒಂದು ರಹಸ್ಯ ಕಡತ ಹೋಯಿತು. ಅದನ್ನ ಡ್ರೇಫಸ್ ನೋಡಲಿಲ್ಲ, ಅವನ ವಕೀಲನಿಗೆ ಅದು ಇದೆ ಅಂತಲೂ ಗೊತ್ತಿರಲಿಲ್ಲ. ಅದರೊಳಗಿದ್ದ ಒಂದು ಪತ್ರದಲ್ಲಿ ಡಿ ಅನ್ನೋ ಒಂದೇ ಅಕ್ಷರದ ಹೆಸರಿತ್ತು. ಆ ಡಿ ಅಂದ್ರೆ ಡ್ರೇಫಸ್ ಅಂತ ಅವರೇ ತೀರ್ಮಾನ ಮಾಡಿದ್ದರು. ಏಳು ನ್ಯಾಯಾಧೀಶರೂ ಒಮ್ಮತದಿಂದ ಅಪರಾಧಿ ಅಂದರು. ಪ್ರಿಯರೇ, ಆರೋಪಿಯೇ ನೋಡದ ಸಾಕ್ಷ್ಯಕ್ಕೆ ಅವನು ಹೇಗೆ ಉತ್ತರ ಕೊಡೋದು? ನಾಬೋತನ ದ್ರಾಕ್ಷಿತೋಟದ ಕಥೆ ನೆನಪಿದೆಯಾ? ಅಲ್ಲೂ ಉಪವಾಸ ಸಾರಿದರು, ಹಿರಿಯರು ಕೂತರು, ಇಬ್ಬರು ಸಾಕ್ಷಿಗಳು ಬಂದರು. ಕ್ರಮ ಎಲ್ಲ ಸರಿಯಾಗಿಯೇ ಇತ್ತು. ನ್ಯಾಯ ಮಾತ್ರ ಇರಲಿಲ್ಲ.

1895ರ ಜನವರಿ 5, ಶನಿವಾರ, ಕೊರೆಯೋ ಚಳಿ. ಪ್ಯಾರಿಸ್‌ನ ಸೈನಿಕ ಶಾಲೆಯ ದೊಡ್ಡ ಅಂಗಳದಲ್ಲಿ ಸೈನಿಕರ ಮುಂದೆ ಅವನನ್ನ ನಿಲ್ಲಿಸಿದರು. ಟೋಪಿಯ, ತೋಳಿನ ಪಟ್ಟಿಗಳನ್ನ ಕಿತ್ತರು, ಗುಂಡಿಗಳನ್ನ ಕಿತ್ತರು, ಕತ್ತಿಯನ್ನ ಮಂಡಿಗೆ ಒತ್ತಿ ಮುರಿದರು. ಗೇಟಿನ ಆಚೆ ಜನಸಮುದ್ರ, ಯೆಹೂದ್ಯರಿಗೆ ಸಾವು ಬರಲಿ ಅಂತ ಕೂಗು. ಆ ಮನುಷ್ಯ ಗಟ್ಟಿಯಾಗಿ ತಾನು ನಿರಪರಾಧಿ ಅಂತ ಮತ್ತೆ ಮತ್ತೆ ಹೇಳ್ತಾ ಹರಿದ ಸಮವಸ್ತ್ರದಲ್ಲೇ ಸೈನಿಕರ ಸಾಲಿನ ಮುಂದೆ ನಡೆದ. ಕೇಳಿದವರಿಗೆ ಅದೂ ಅಪರಾಧದ ಗುರುತಾಗಿ ಕಾಣಿಸಿತು. ಅತ್ತಿದ್ದರೆ ಪಶ್ಚಾತ್ತಾಪ ಅಂತಿದ್ದರು, ಅಳದೇ ಇದ್ದದ್ದಕ್ಕೆ ಕಲ್ಲು ಹೃದಯ ಅಂದರು.

ಅಲ್ಲಿಂದ ಅಟ್ಲಾಂಟಿಕ್ ಸಾಗರದ ಆಚೆ, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕಡಲತೀರದ ಹತ್ತಿರ ಇರೋ ಡೆವಿಲ್ಸ್ ಐಲ್ಯಾಂಡ್ ಅನ್ನೋ ಬಂಡೆಯಂಥ ಸಣ್ಣ ದ್ವೀಪಕ್ಕೆ ಕಳಿಸಿದರು. ಅಲ್ಲಿ ಅವನೊಬ್ಬನೇ ಕೈದಿ. ಒಂದು ಪುಟ್ಟ ಗುಡಿಸಲು. ಕಾವಲುಗಾರರು ಅವನ ಜೊತೆ ಮಾತಾಡೋ ಹಾಗಿಲ್ಲ. ಜ್ವರ, ಹುಳ, ಸುಡೋ ಬಿಸಿಲು. ಲ್ಯೂಸಿ ತಾನೂ ಅಲ್ಲಿಗೇ ಹೋಗಿ ಗಂಡನ ಜೊತೆ ಇರ್ತೀನಿ ಅಂತ ಅರ್ಜಿ ಹಾಕಿದಳು, ಒಪ್ಪಲಿಲ್ಲ. 1896ರಲ್ಲಿ ಅವನು ತಪ್ಪಿಸಿಕೊಂಡ ಅನ್ನೋ ಒಂದು ಸುಳ್ಳು ಸುದ್ದಿ ಪತ್ರಿಕೆಯಲ್ಲಿ ಬಂತು. ಅದರ ಶಿಕ್ಷೆ ಅವನಿಗೆ: ಸುಮಾರು ಆರು ವಾರ ರಾತ್ರಿ ಹೊತ್ತು ಎರಡೂ ಕಾಲಿಗೆ ಕಬ್ಬಿಣದ ಸಂಕೋಲೆ ಹಾಕಿ ಮಂಚಕ್ಕೆ ಬಿಗಿದರು. ಗುಡಿಸಲ ಸುತ್ತ ಎತ್ತರದ ಬೇಲಿ ಕಟ್ಟಿದರು, ಸಮುದ್ರವೂ ಕಾಣದ ಹಾಗೆ. ಬರಹ ಮತ್ತು ಹೆಂಡತಿಯ ಪತ್ರ, ಅವೆರಡೇ ಅವನ ಉಸಿರು. ಆ ಪತ್ರಗಳೂ ಅಧಿಕಾರಿಗಳು ಓದಿ ಸೋಸಿ ಕೊಟ್ಟವು. ಊರಿನಲ್ಲಿ ತನಗಾಗಿ ಯಾರು ಏನು ಮಾಡ್ತಿದ್ದಾರೆ ಅನ್ನೋದು ಅವನಿಗೆ ಗೊತ್ತೇ ಆಗಲಿಲ್ಲ. ಯೋಸೇಫನನ್ನ ಪಾನದಾಯಕರ ಮುಖ್ಯಸ್ಥ ಮರೆತ ಹಾಗೆ ಲೋಕವೇ ಮರೆತಿದೆ ಅಂತಲೇ ಅನಿಸಿರಬೇಕು.

ಆದರೆ ಮರೆಯದವರು ಇದ್ದರು. ಅಣ್ಣ ಮತ್ಯೂ ಮಿಲ್ ವ್ಯವಹಾರ ಬಿಟ್ಟು ತಮ್ಮನಿಗೋಸ್ಕರ ಮನೆಮನೆ ಅಲೆದ. ಇನ್ನೊಬ್ಬ, ಕರ್ನಲ್ ಪಿಕಾರ್. ಇವನ ವಿಷಯ ನಾವು ಗಮನ ಕೊಟ್ಟು ಕೇಳಬೇಕು. ಪಿಕಾರ್ ಡ್ರೇಫಸ್‌ನ ಸ್ನೇಹಿತ ಅಲ್ಲ. ಅವನಿಗೂ ಯೆಹೂದ್ಯರನ್ನ ಕಂಡರೆ ಅಷ್ಟಕ್ಕಷ್ಟೇ. 1895ರಲ್ಲಿ ಗುಪ್ತಚರ ವಿಭಾಗದ ಮುಖ್ಯಸ್ಥನಾದ. 1896ರಲ್ಲಿ ಅದೇ ಜರ್ಮನ್ ಕಸದ ಬುಟ್ಟಿಯಿಂದ ಇನ್ನೊಂದು ಹರಿದ ಕಾಗದ ಬಂತು, ಅದರಲ್ಲಿ ಎಸ್ಟರ್‌ಹಾಜಿ ಅನ್ನೋ ಮೇಜರ್ ಹೆಸರಿತ್ತು, ಸಾಲದಲ್ಲಿ ಮುಳುಗಿದ್ದವನು. ಪಿಕಾರ್ ಅವನ ಕೈಬರಹ ತರಿಸಿ ಹಳೆಯ ಪಟ್ಟಿಯ ಪಕ್ಕ ಇಟ್ಟ. ಒಂದೇ ಕೈ. ರಹಸ್ಯ ಕಡತ ತೆಗೆಸಿ ನೋಡಿದ, ಅದರಲ್ಲಿ ಡ್ರೇಫಸ್ ವಿರುದ್ಧ ಏನೂ ಇಲ್ಲ.

ಇಷ್ಟವಿಲ್ಲದ ಮನುಷ್ಯನ ಪರವಾಗಿ ಸತ್ಯ ಎದ್ದು ನಿಂತಾಗ ಏನು ಮಾಡ್ತೀರಿ? ಪಿಕಾರ್ ಮೇಲಧಿಕಾರಿಗಳ ಹತ್ತಿರ ಹೋದ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗಲ್ಲ ಅನ್ನೋ ಅರ್ಥದ ಮಾತು ಅವರಿಂದ ಬಂತು. ಅವನು ಒಪ್ಪಲಿಲ್ಲ. ಅವನನ್ನ ಟ್ಯುನೀಷಿಯಾಕ್ಕೆ ಎತ್ತಂಗಡಿ ಮಾಡಿದರು, ಆಮೇಲೆ ಸೈನ್ಯದಿಂದ ತೆಗೆದರು, ಜೈಲಿಗೂ ಹಾಕಿದರು. ಅವನದೇ ವಿಭಾಗದ ಮೇಜರ್ ಹೆನ್ರಿ ಹಳೆಯ ತೀರ್ಪು ಉಳಿಯಲಿ ಅಂತ ಡ್ರೇಫಸ್ ಹೆಸರಿರೋ ಒಂದು ಖೋಟಾ ಪತ್ರವನ್ನೇ ಸೃಷ್ಟಿಸಿದ. ಮೊದಲು ತಪ್ಪು ಆಯಿತು. ಆಮೇಲೆ ಆ ತಪ್ಪು ಕಾಯೋದಕ್ಕೆ ಪಾಪ ಮಾಡಿದರು.

1898ರ ಜನವರಿ 11. ಎಸ್ಟರ್‌ಹಾಜಿಯ ವಿಚಾರಣೆ ನಡೆದು ನಿಜವಾದ ದ್ರೋಹಿ ಖುಲಾಸೆಯಾದ. ಎರಡು ದಿನ ಕಳೆದು ಜನವರಿ 13ರಂದು ಕಾದಂಬರಿಕಾರ ಎಮಿಲ್ ಜೋಲಾ ಲೊರೋರ್ ಪತ್ರಿಕೆಯಲ್ಲಿ ರಾಷ್ಟ್ರಾಧ್ಯಕ್ಷರಿಗೆ ಬಹಿರಂಗ ಪತ್ರ ಬರೆದ. ಜನರಲ್‌ಗಳನ್ನ, ತಜ್ಞರನ್ನ ಹೆಸರು ಹಿಡಿದು ಆರೋಪಿಸಿದ. ಸುಮಾರು 3,00,000 ಪ್ರತಿ ಅಚ್ಚಾಯಿತು. ಜೋಲಾನಿಗೇ ಒಂದು ವರ್ಷ ಜೈಲು, 3,000 ಫ್ರಾಂಕ್ ದಂಡ ವಿಧಿಸಿದರು, ಅವನು ಇಂಗ್ಲೆಂಡಿಗೆ ಹೋಗಬೇಕಾಯಿತು. ಎಷ್ಟೋ ಊರುಗಳಲ್ಲಿ ಯೆಹೂದ್ಯರ ಅಂಗಡಿಗಳ ಮೇಲೆ ಕಲ್ಲು ಬಿತ್ತು.

ಅದೇ ವರ್ಷ ಆಗಸ್ಟ್‌ನಲ್ಲಿ ಒಬ್ಬ ಕ್ಯಾಪ್ಟನ್ ರಾತ್ರಿ ದೀಪದ ಬೆಳಕಿನಲ್ಲಿ ಹೆನ್ರಿಯ ಪತ್ರ ಹಿಡಿದು ನೋಡಿದ. ಕಾಗದದ ಮೇಲಿನ ಗೆರೆಗಳ ಬಣ್ಣ ಒಂದೇ ಹಾಳೆಯಲ್ಲಿ ಎರಡು ಥರ ಇತ್ತು. ಎರಡು ಪತ್ರದ ಚೂರು ಸೇರಿಸಿ ಅಂಟಿಸಿದ್ದಾರೆ ಅಂತ ತಿಳಿಯಿತು. ಹೆನ್ರಿ ಒಪ್ಪಿಕೊಂಡ, ಮರುದಿನ ಸೆರೆಕೋಣೆಯಲ್ಲಿ ತನ್ನ ಪ್ರಾಣ ತಾನೇ ಕಳ್ಕೊಂಡ. ಎಸ್ಟರ್‌ಹಾಜಿ ದೇಶ ಬಿಟ್ಟು ಓಡಿದ.

ಇನ್ನು ಮುಗೀತು ಅನ್ಕೊಂಡ್ರಾ? ಇಲ್ಲ. 1899ರ ಜೂನ್‌ನಲ್ಲಿ ಫ್ರಾನ್ಸಿನ ಉನ್ನತ ನ್ಯಾಯಾಲಯ ಹಳೆಯ ತೀರ್ಪು ರದ್ದು ಮಾಡಿ ರೆನ್ ಪಟ್ಟಣದಲ್ಲಿ ಮರುವಿಚಾರಣೆಗೆ ಆದೇಶ ಕೊಟ್ಟಿತು. ದ್ವೀಪದಿಂದ ಬಂದ ಮನುಷ್ಯನಿಗೆ 39 ವರ್ಷ, ತಲೆ ಬೆಳ್ಳಗಾಗಿತ್ತು, ವರ್ಷಗಟ್ಟಲೆ ಮಾತಾಡದೆ ಧ್ವನಿಯೇ ಹೊರಡ್ತಿರಲಿಲ್ಲ. ವಿಚಾರಣೆ ನಡೆಯೋವಾಗಲೇ ಅವನ ವಕೀಲನಿಗೆ ಬೀದಿಯಲ್ಲಿ ಗುಂಡು ಹೊಡೆದರು. ಖೋಟಾ ಪತ್ರ ಲೋಕಕ್ಕೇ ಗೊತ್ತಾಗಿದ್ದರೂ ಸೆಪ್ಟೆಂಬರ್ 9ರಂದು ಏಳರಲ್ಲಿ ಐದು ನ್ಯಾಯಾಧೀಶರು ಮತ್ತೆ ಅಪರಾಧಿ ಅಂದರು. ಶಿಕ್ಷೆ ಕಡಿಮೆ ಮಾಡೋ ಸನ್ನಿವೇಶ ಇದೆ ಅಂತ ಸೇರಿಸಿ 10 ವರ್ಷ ಕೊಟ್ಟರು. ದೇಶದ್ರೋಹಕ್ಕೆ ಎಂಥಾ ಸನ್ನಿವೇಶದ ರಿಯಾಯಿತಿ? ಅವರಿಗೂ ಸತ್ಯ ಗೊತ್ತಿತ್ತು, ಆದರೆ ಸೈನ್ಯ ತಪ್ಪು ಮಾಡಿದೆ ಅಂತ ಹೇಳೋ ಧೈರ್ಯ ಇರಲಿಲ್ಲ. ಪಿಲಾತ ಕೈ ತೊಳ್ಕೊಂಡ ಹಾಗೆ.

ಹತ್ತು ದಿನ ಆದ ಮೇಲೆ ರಾಷ್ಟ್ರಾಧ್ಯಕ್ಷ ಕ್ಷಮಾದಾನ ಕೊಟ್ಟ. ಮಾಡದ ತಪ್ಪಿಗೆ ಕ್ಷಮೆ! ಬೆಂಬಲಿಸಿದವರಲ್ಲಿ ಕೆಲವರು ಇದನ್ನ ತಗೋಬಾರದು ಅಂದರು. ಅಣ್ಣನಿಗೆ ಮಾತ್ರ ತಮ್ಮನ ದೇಹ ಇನ್ನು ಜೈಲು ತಡೆಯಲ್ಲ ಅಂತ ಕಾಣ್ತಿತ್ತು. ಡ್ರೇಫಸ್ ಕ್ಷಮಾದಾನ ಒಪ್ಪಿದ, ಆದರೆ ತನ್ನ ಮಾನಕ್ಕಾಗಿ ಹೋರಾಟ ಬಿಡಲ್ಲ ಅಂತ ಅದೇ ದಿನ ಸಾರಿದ. ಅವನ ಪರವಾಗಿ ಮೊದಮೊದಲು ನಿಂತ ಸೆನೆಟ್ ಉಪಾಧ್ಯಕ್ಷ ಶೊರೆರ್ ಕೆಸ್ಟ್‌ನರ್, ಮುಲೂಸ್‌ನಲ್ಲೇ ಹುಟ್ಟಿದ ಪ್ರೊಟೆಸ್ಟೆಂಟ್ ಕ್ರೈಸ್ತ, ಆ ಕ್ಷಮಾದಾನದ ದಿನವೇ ತೀರಿಹೋದ. ಮೊದಲ ವಿಚಾರಣೆಯ ವಕೀಲ ದೆಮಾಂಜ್ ಭಕ್ತಿವಂತ ಕ್ಯಾಥೊಲಿಕ್. ಹಾಗಾಗಿ ಕ್ರೈಸ್ತರೆಲ್ಲ ಗುಂಪಿನ ಜೊತೆ ಇದ್ದರು ಅಂತಲ್ಲ. ಆದರೆ ಗುಂಪಿನಲ್ಲಿ ಇದ್ದವರೇ ಹೆಚ್ಚು. ಲಾ ಕ್ರುವಾ, ಅಂದ್ರೆ ಶಿಲುಬೆ, ಅನ್ನೋ ಹೆಸರಿನ ಕ್ಯಾಥೊಲಿಕ್ ಪತ್ರಿಕೆಯೇ ಯೆಹೂದ್ಯರ ಮೇಲೆ ವಿಷ ಕಾರಿತು. ನೂರು ವರ್ಷ ಆದ ಮೇಲೆ, 1998ರಲ್ಲಿ, ಆ ಪತ್ರಿಕೆ ಕ್ಷಮೆ ಕೇಳಿತು. ಶಿಲುಬೆಯ ಹೆಸರು ಮೇಲೆ, ಕೆಳಗೆ ಸುಳ್ಳುಸಾಕ್ಷಿ. ನನಗೆ ಇದನ್ನ ಓದಿದಾಗ ನಾಚಿಕೆ ಆಯಿತು.

1906ರ ಜುಲೈ 12ರಂದು ಉನ್ನತ ನ್ಯಾಯಾಲಯ ರೆನ್ ತೀರ್ಪನ್ನೂ ರದ್ದು ಮಾಡಿ ಡ್ರೇಫಸ್ ಸಂಪೂರ್ಣ ನಿರಪರಾಧಿ ಅಂತ ಹೇಳಿತು. ಬಂಧನದಿಂದ ಲೆಕ್ಕ ಹಾಕಿದರೆ ಹನ್ನೆರಡು ವರ್ಷ. ಆ ತೀರ್ಪನ್ನ ಪ್ಯಾರಿಸ್ ಮತ್ತು ರೆನ್‌ನಲ್ಲಿ ಗೋಡೆಗೆ ಅಂಟಿಸಬೇಕು, ಸರ್ಕಾರಿ ಪತ್ರಿಕೆಯಲ್ಲಿ ಹಾಕಬೇಕು ಅಂತಲೂ ಹೇಳಿತು. ಮೇಜರ್ ಪದವಿ ಕೊಟ್ಟರು, ಪದಕ ಕೊಟ್ಟರು. ಜೈಲಿನ ವರ್ಷಗಳನ್ನ ಮಾತ್ರ ಸೇವೆಯಲ್ಲಿ ಲೆಕ್ಕಕ್ಕೆ ಹಿಡಿಯಲಿಲ್ಲ. 1907ರಲ್ಲಿ ಅವನು ನಿವೃತ್ತಿ ತಗೊಂಡ. 1908ರಲ್ಲಿ ಜೋಲಾನ ಅಸ್ಥಿಯನ್ನ ಪ್ಯಾಂಥಿಯನ್‌ಗೆ ತಂದ ದಿನ ಒಬ್ಬ ಇವನ ಮೇಲೆ ಗುಂಡು ಹಾರಿಸಿ ತೋಳಿಗೆ ಗಾಯ ಮಾಡಿದ. ಜ್ಯೂರಿ ಅವನನ್ನ ಬಿಡುಗಡೆ ಮಾಡಿತು.

1914ರಲ್ಲಿ ಮಹಾಯುದ್ಧ ಶುರುವಾದಾಗ ಡ್ರೇಫಸ್‌ಗೆ 54 ವರ್ಷ. ತನ್ನ ಕತ್ತಿ ಮುರಿದ ಅದೇ ಸೈನ್ಯಕ್ಕೆ ಮತ್ತೆ ಹೋದ, ವೆರ್ಡನ್ ರಣರಂಗದ ಕಡೆ ಸೇವೆ ಮಾಡಿದ. 1930ರಲ್ಲಿ ಆ ಜರ್ಮನ್ ಅಧಿಕಾರಿಯ ಟಿಪ್ಪಣಿಗಳು ಪ್ರಕಟವಾಗಿ ಗುಟ್ಟು ಮಾರಿದವನು ಎಸ್ಟರ್‌ಹಾಜಿಯೇ ಅಂತ ಆ ಕಡೆಯಿಂದಲೂ ಖಚಿತವಾಯಿತು. 1935ರ ಜುಲೈ 12ರಂದು ಡ್ರೇಫಸ್ ತೀರಿಕೊಂಡ. ನಿರಪರಾಧಿ ಅಂತ ತೀರ್ಪು ಬಂದ ದಿನದಿಂದ ಸರಿಯಾಗಿ 29 ವರ್ಷ. ದ್ವೇಷ ಮಾತ್ರ ಸತ್ತಿರಲಿಲ್ಲ. ಅವನ ಮೊಮ್ಮಗಳೊಬ್ಬಳು ಎರಡನೆಯ ಮಹಾಯುದ್ಧದಲ್ಲಿ ಆಶ್ವಿಟ್ಜ್‌ನಲ್ಲಿ ಪ್ರಾಣ ಬಿಟ್ಟಳು. 2025ರಲ್ಲಿ ಫ್ರೆಂಚ್ ಸಂಸತ್ತು ಅವನಿಗೆ ಮರಣೋತ್ತರವಾಗಿ ಬ್ರಿಗೇಡಿಯರ್ ಜನರಲ್ ಪದವಿ ಕೊಟ್ಟಿತು.

ಪ್ರಿಯರೇ, ಈಗ ನನ್ನ ವಿಷಯ ಒಂದು ಹೇಳಬೇಕು. ಹೇಳೋದು ಕಷ್ಟ, ಆದರೂ ಹೇಳ್ತೀನಿ.

ಕೆಲವು ವರ್ಷಗಳ ಹಿಂದೆ ನಾನು ಒಂದು ಸಣ್ಣ ಪ್ರಾರ್ಥನಾ ಗುಂಪು ನಡೆಸ್ತಿದ್ದೆ. ಒಂದು ಕ್ಯಾಂಪ್‌ಗೆ ಕೂಡಿಸಿದ ದುಡ್ಡಿನಲ್ಲಿ ಏಳು ಸಾವಿರ ಕಡಿಮೆ ಬಂತು. ಗಿಟಾರ್ ನುಡಿಸ್ತಿದ್ದ ಒಬ್ಬ ತಮ್ಮ ಇದ್ದ, ಹೊಸಬ, ಹೆಚ್ಚು ಮಾತಿಲ್ಲ, ಪಿಜಿಯಲ್ಲಿ ಇರ್ತಿದ್ದ, ಹಿಂದಿನ ತಿಂಗಳು ಯಾರ ಹತ್ತಿರವೋ ಸಾಲ ಕೇಳಿದ್ದ. ಯಾರೂ ಬಾಯಿಬಿಟ್ಟು ಕಳ್ಳ ಅನ್ನಲಿಲ್ಲ. ಎಲ್ಲರಿಗೂ ಗೊತ್ತು ಅನ್ನೋ ಹಾಗೆ ಸುಮ್ಮನಿದ್ದರು. ನಾನು ಅವನನ್ನ ಪಕ್ಕಕ್ಕೆ ಕರೆದು ಸ್ವಲ್ಪ ದಿನ ಆರಾಧನಾ ತಂಡದಿಂದ ದೂರ ಇರಪ್ಪ ಅಂದೆ. ಯಾಕೆ ಅಂತ ಹೇಳಲಿಲ್ಲ. ಅವನಿಗೆ ಉತ್ತರ ಕೊಡೋ ಅವಕಾಶವೇ ಇರಲಿಲ್ಲ. ರಹಸ್ಯ ಕಡತ ಅಂದ್ರೆ ಇದೇ ಅಲ್ವಾ?

ಎರಡು ತಿಂಗಳಾದ ಮೇಲೆ ಹಾಲ್‌ಗೆ ಕೊಟ್ಟ ಅಡ್ವಾನ್ಸ್ ರಸೀದಿ ಒಂದು ಪುಸ್ತಕದೊಳಗೆ ಸಿಕ್ಕಿತು. ಸರಿಯಾಗಿ ಏಳು ಸಾವಿರ. ದುಡ್ಡು ಕೊಟ್ಟವನು ನಾನೇ, ಮರೆತಿದ್ದೆ. ನಾನು ಅವನಿಗೆ ವಾಟ್ಸಾಪ್‌ನಲ್ಲಿ ವಾಪಸ್ ಬಾ ಅಂತ ಮೆಸೇಜ್ ಹಾಕಿದೆ. ಓದಿದ, ಬರಲಿಲ್ಲ. ಹೋದ ವರ್ಷ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವನು ಕೋಪ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದ, ನಾನು ಉಳಿದವರಿಗೆ ನಿಜ ಹೇಳಿದ್ದೀನಾ ಅಂತ. ನಾನು ಹೇಳಿರಲಿಲ್ಲ. ನನ್ನ ಮಾನ ಉಳಿಯಲಿ ಅಂತ ಅವನ ಮಾನ ಹಾಗೇ ಬಿಟ್ಟಿದ್ದೆ. ಆ ಜನರಲ್‌ಗಳಿಗೂ ನನಗೂ ಏನು ವ್ಯತ್ಯಾಸ? ಆಮೇಲೆ ಆ ಗುಂಪಿನ ಒಬ್ಬೊಬ್ಬರಿಗೂ ಫೋನ್ ಮಾಡಿ ನಡೆದದ್ದು ಹೇಳಿದೆ. ಇವತ್ತು ನಿಮಗೂ ಹೇಳ್ತಿದ್ದೀನಿ.

ಅದಕ್ಕೇ ಮೂರು ಮಾತು ಮನೆಗೆ ತಗೊಂಡು ಹೋಗಿ. ಒಂದು, ಆರೋಪ ಹೊತ್ತವನ ಬಾಯಿಂದ ಕೇಳದೆ ತೀರ್ಪು ಮಾಡಬೇಡಿ. ಸ್ಕ್ರೀನ್‌ಶಾಟ್ ಬಂತು, ವಿಡಿಯೋ ಬಂತು ಅಂತ ಫಾರ್ವರ್ಡ್ ಮಾಡೋ ಮೊದಲು ನಿಮ್ಮ ಬೆರಳು ನಿಲ್ಲಲಿ. ವಿಮೋಚನಕಾಂಡ 23ನೇ ಅಧ್ಯಾಯದ ಮೊದಲ ವಚನಗಳನ್ನ ಈ ವಾರ ಓದಿ, ಗುಂಪಿನ ಹಿಂದೆ ಹೋಗೋದರ ಬಗ್ಗೆ ಅಲ್ಲಿದೆ. ಎರಡು, ನಿಮಗೆ ಇಷ್ಟವಿಲ್ಲದವರ ಪರವಾಗಿ ಸತ್ಯ ಗೊತ್ತಾದಾಗ ಪಿಕಾರ್‌ನ ಹಾಗೆ ಎದ್ದು ನಿಲ್ಲಿ. ಸ್ನೇಹಿತನ ಪರ ನಿಲ್ಲೋದು ಎಲ್ಲರಿಗೂ ಬರುತ್ತೆ. ಮೂರು, ಎಷ್ಟು ಜನರ ಮುಂದೆ ಒಬ್ಬರ ಹೆಸರು ಕೆಡಿಸಿದ್ದೀರೋ ಅಷ್ಟೇ ಜನರ ಮುಂದೆ ಅದನ್ನ ಸರಿಮಾಡಿ. ತೀರ್ಪನ್ನ ಗೋಡೆಗೆ ಅಂಟಿಸಿ ಅಂತ ಆ ನ್ಯಾಯಾಲಯ ಹೇಳಿದ್ದು ಸುಮ್ಮನೆ ಅಲ್ಲ.

ನಮ್ಮ ಕರ್ತನಿಗೂ ರಾತ್ರಿಯಲ್ಲಿ ವಿಚಾರಣೆ ನಡೀತು, ಹೊಂದಾಣಿಕೆ ಆಗದ ಸಾಕ್ಷಿಗಳು ಬಂದರು, ಗುಂಪು ಕೂಗಿತು. ಆತನನ್ನ ಹಿಂಬಾಲಿಸೋರು ಕೂಗೋ ಗುಂಪಿನಲ್ಲಿ ಸಿಗಬಾರದು.

ಈಗ ಕಣ್ಣು ಮುಚ್ಚೋಣ. ಯಾರದೋ ಒಂದು ಹೆಸರು ನಿಮ್ಮ ಮನಸ್ಸಿಗೆ ಬರ್ತಾ ಇದ್ದರೆ ಅದನ್ನ ತಳ್ಳಿಹಾಕಬೇಡಿ. ಪ್ರಾರ್ಥನೆ ಆದ ಮೇಲೆ ಹೊರಗೆ ಹೋಗಿ ಆ ನಂಬರ್‌ಗೆ ಫೋನ್ ಮಾಡಿ. ಆಮೆನ್.